ಬಸ್ಸು ‘ಮಸ್’ ಆಗೋದೂ ಉಂಟು, ‘ವಸ್’ ಆಗೋದೂ ಉಂಟು: ಐರಿಷ್ ಪ್ರಿಪೊಸಿಷನ್‌ಗಳ ಕಥೆ

ಐರಿಷ್ ಭಾಷೆಯಲ್ಲಿ ಬಸ್ಸಿಗೆ ಬಸ್ ಅಂತಲೇ ಹೆಸರು. ಇಂಗ್ಲಿಷಿನಿಂದ ಬಂದ ಪದ. ನಾವು ಇಟ್ಟುಕೊಂಡ ಹಾಗೆ ಅವರೂ ಇಟ್ಟುಕೊಂಡಿದ್ದಾರೆ. ಆದರೆ ‘ಬಸ್ಸಲ್ಲಿದ್ದೀನಿ’ ಅಂತ ಫೋನಿನಲ್ಲಿ ಹೇಳಬೇಕಾಗಿ ಬಂದರೆ ಅದು ಬಸ್ಸಾಗಿ ಉಳಿಯುವುದಿಲ್ಲ. ಐರ್ಲೆಂಡಿನ ಪಶ್ಚಿಮದ ಗಾಲ್ವೇ ಕಡೆಯವರು ‘ಎರ್ ಅನ್ ಮಸ್’ ಅನ್ನುತ್ತಾರೆ. ಉತ್ತರದ ಡೊನೆಗಾಲ್, ಬೆಲ್ಫಾಸ್ಟ್ ಕಡೆಯವರು ‘ಎರ್ ಅನ್ ವಸ್’ ಅನ್ನುತ್ತಾರೆ. ‘ಎರ್’ ಅಂದರೆ ಮೇಲೆ. ‘ಅನ್’ ಅಂದರೆ ಇಂಗ್ಲಿಷಿನ ‘ದಿ’. ಈ ಎರಡು ಪುಟ್ಟ ಪದಗಳು ತಮ್ಮ ಪಾಡಿಗೆ ಸುಮ್ನೆ ಕೂರುವುದಿಲ್ಲ. ಆಮೇಲೆ ಬರುವ ಬಸ್ಸಿನ ತಲೆಯನ್ನೇ ಬದಲಾಯಿಸುತ್ತವೆ. ಒಂದು ಕಡೆ ‘ಬ’ ಹೋಗಿ ‘ಮ’ ಬರುತ್ತದೆ, ಇನ್ನೊಂದು ಕಡೆ ‘ಬ’ ಹೋಗಿ ‘ವ’ ಬರುತ್ತದೆ.

(ಇಲ್ಲಿ ಕೊಡುವ ಉಚ್ಚಾರಣೆಗಳೆಲ್ಲ ಕನ್ನಡ ಲಿಪಿಗೆ ಸಿಕ್ಕಷ್ಟು. ಐರಿಷ್‌ನಲ್ಲಿ ಪ್ರತಿ ವ್ಯಂಜನಕ್ಕೂ ಒಂದು ದಪ್ಪ ರೂಪ, ಒಂದು ತೆಳು ರೂಪ ಇದೆ. ಅದನ್ನು ನಮ್ಮ ಅಕ್ಷರಗಳಲ್ಲಿ ಹಿಡಿಯಲು ಹೋದರೆ ಓದುವವರಿಗೆ ತಲೆನೋವು.)

ಎರಡರಲ್ಲಿ ಯಾವುದು ಸರಿ? ಇದು ಐರ್ಲೆಂಡಿನ ತರಗತಿಗಳಲ್ಲಿ, ಪಠ್ಯಪುಸ್ತಕ ಬರೆಯುವವರ ನಡುವೆ, ಈಗೀಗ ಕಂಪ್ಯೂಟರಿಗೆ ಐರಿಷ್ ಕಲಿಸುವವರ ನಡುವೆಯೂ ಬರುವ ಪ್ರಶ್ನೆ. 2022ರ ಜನಗಣತಿಯಲ್ಲಿ ಐರ್ಲೆಂಡ್ ಗಣರಾಜ್ಯದ 18,73,997 ಮಂದಿ ತಮಗೆ ಐರಿಷ್ ಬರುತ್ತದೆ ಅಂದರು. ಶಾಲೆ-ಕಾಲೇಜಿನ ಹೊರಗೆ ದಿನಾ ಅದನ್ನು ಮಾತಾಡುತ್ತೇವೆ ಅಂದವರು ಬರೀ 71,968. ಮನೆಯಲ್ಲಿ ಕೇಳಿ ಕಲಿತವರಿಗಿಂತ ಪುಸ್ತಕದಲ್ಲಿ ಓದಿ ಕಲಿತವರು ಎಷ್ಟೋ ಪಟ್ಟು ಜಾಸ್ತಿ. ಅಂಥವರಿಗೆ ‘ಮಸ್’ ಮತ್ತು ‘ವಸ್’ ನಡುವೆ ಆರಿಸಿಕೊಳ್ಳುವುದು ನಿಜವಾದ ಸಮಸ್ಯೆ. ಹಳ್ಳಿಯಲ್ಲಿ ಹುಟ್ಟಿದವರಿಗೆ ಅಜ್ಜಿಯ ಬಾಯಲ್ಲಿ ಬಂದದ್ದೇ ಸರಿ, ಅಲ್ವಾ? ಪಟ್ಟಣದಲ್ಲಿ ಕಲಿಯುವವರಿಗೆ ಅಂಥ ಅಜ್ಜಿ ಇರುವುದಿಲ್ಲ.

ಮೊದಲು ಈ ಬದಲಾವಣೆಗಳ ಪರಿಚಯ ಮಾಡಿಕೊಳ್ಳೋಣ. ಒಂದರ ಹೆಸರು ‘ಶೇವೂ’, ಮೆದು ಮಾಡುವುದು ಅಂತ ಅರ್ಥ. ಬ ಇದ್ದದ್ದು ವ ಆಗುತ್ತದೆ. ಕ ಇದ್ದದ್ದು ಗಂಟಲಿನಿಂದ ಬರುವ ಖ ಆಗುತ್ತದೆ. ಪ ಹೋಗಿ ಫ ಬರುತ್ತದೆ. ಫ ಇದ್ದರಂತೂ ಪೂರ್ತಿ ಮಾಯ. ಹಳೇ ಮೈಸೂರಿನ ಕಡೆ ‘ಹಾಲು’ ಹೋಗಿ ‘ಆಲು’ ಆಗುತ್ತದಲ್ಲ, ಹಾಗೆ ಮಾಯ. ಬರೆಯುವಾಗ ಮೂಲ ಅಕ್ಷರದ ಪಕ್ಕ ಒಂದು ಹೆಚ್ ಸೇರಿಸುತ್ತಾರೆ. ಹಿಂದೆ ಐರಿಷಿಗೆ ತನ್ನದೇ ಲಿಪಿ ಇದ್ದಾಗ ಅಕ್ಷರದ ತಲೆ ಮೇಲೆ ಒಂದು ಚುಕ್ಕಿ ಇಟ್ಟರೆ ಸಾಕಾಗಿತ್ತು.

ಇನ್ನೊಂದರ ಹೆಸರು ‘ಉರೂ’. ಈ ಪದಕ್ಕೆ ಗ್ರಹಣ ಅಂತ ಅರ್ಥ. ಎಷ್ಟು ಸರಿಯಾದ ಹೆಸರು ನೋಡಿ! ಮೂಲ ಅಕ್ಷರದ ಮುಂದೆ ಇನ್ನೊಂದು ಅಕ್ಷರ ಬಂದು ಅದನ್ನು ಮುಚ್ಚಿಬಿಡುತ್ತದೆ. ಬಿ ಮುಂದೆ ಎಂ ಬರೆದರೆ ಓದುವುದು ಮ ಅಂತ ಮಾತ್ರ. ಬಿ ಅಲ್ಲೇ ಇರುತ್ತದೆ, ಕಣ್ಣಿಗೆ ಕಾಣುತ್ತದೆ, ಬಾಯಿಗೆ ಬರುವುದಿಲ್ಲ. ಗ್ರಹಣ ಹಿಡಿದಾಗ ಸೂರ್ಯ ಎಲ್ಲಿಗೂ ಹೋಗಿರುವುದಿಲ್ಲವಲ್ಲ, ಹಾಗೆ. ಹೊಸದಾಗಿ ಕಲಿಯುವವರು ನಿಘಂಟಿನಲ್ಲಿ ಎಂ ಅಕ್ಷರದ ಕೆಳಗೆ ಹುಡುಕಿ ಹುಡುಕಿ ಸುಸ್ತಾಗುವುದು ಇದರಿಂದಲೇ.

ಈ ಉರೂವಿನ ಪಟ್ಟಿ ನೋಡಿದ ಕನ್ನಡಿಗರಿಗೆ ಒಂದು ಆಶ್ಚರ್ಯ ಕಾದಿರುತ್ತದೆ. ಕ ಇದ್ದದ್ದು ಗ, ತ ಇದ್ದದ್ದು ದ, ಪ ಇದ್ದದ್ದು ಬ. ಎಲ್ಲೋ ಕೇಳಿದ ಹಾಗಿದೆಯಲ್ಲ? ಹೈಸ್ಕೂಲಿನ ಆದೇಶ ಸಂಧಿ! ಮಳೆ ಮತ್ತು ಕಾಲ ಸೇರಿ ಮಳೆಗಾಲ. ಬೆಟ್ಟ ಮತ್ತು ತಾವರೆ ಸೇರಿ ಬೆಟ್ಟದಾವರೆ. ಕಣ್ ಮತ್ತು ಪನಿ ಸೇರಿ ಕಂಬನಿ. ಎರಡು ಭಾಷೆಗಳಿಗೂ ನಂಟಿಲ್ಲ, ಒಬ್ಬರಿಂದ ಒಬ್ಬರು ಕಲಿತದ್ದೂ ಅಲ್ಲ. ಬಾಯಿ ಎಲ್ಲ ಕಡೆಯೂ ಒಂದೇ ಥರ ಸೋಮಾರಿ, ಅಷ್ಟೆ. ಅದರಲ್ಲೂ ‘ಕಂಬನಿ’ಯನ್ನು ನೆನಪಿಟ್ಟುಕೊಳ್ಳಿ. ಮೂಗಿನ ಉಚ್ಚಾರದ ಣ್ ಬಂದು ಪಕ್ಕದ ಪ-ವನ್ನು ಬ ಮಾಡಿತು. ಉರೂ ಹುಟ್ಟಿದ್ದೂ ಹೀಗೇ.

ಬದಲಾಗಲು ಇನ್ನೂ ನಾಲ್ಕು ಅಕ್ಷರಗಳಿವೆ. ಫ ಹೋಗಿ ವ, ಬ ಹೋಗಿ ಮ, ದ ಹೋಗಿ ನ, ಗ ಹೋಗಿ ಙ. ಈ ಕೊನೆಯದು ನನಗೆ ತುಂಬಾ ಇಷ್ಟ. ನಾವು ಒಂದನೇ ಕ್ಲಾಸಿನಲ್ಲಿ ‘ಕ ಖ ಗ ಘ ಙ’ ಅಂತ ರಾಗವಾಗಿ ಹೇಳಿ, ಆಮೇಲೆ ಜೀವಮಾನದಲ್ಲಿ ಆ ಙ ಅಕ್ಷರದಿಂದ ಒಂದು ಪದವನ್ನೂ ಶುರು ಮಾಡುವುದಿಲ್ಲ. ಐರಿಷ್‌ನಲ್ಲಿ ಗಾಲ್ವೇ ಊರಿನ ಹೆಸರು ‘ಗಾಲಿವ್’. ‘ಗಾಲ್ವೇಯಲ್ಲಿ’ ಅಂದರೆ ‘ಇ ಙಾಲಿವ್’. ಕೊನೆಗೂ ಆ ಅಕ್ಷರಕ್ಕೆ ಒಂದು ಕೆಲಸ ಸಿಕ್ಕಿತು.

ಕನ್ನಡದಲ್ಲಿ ಪ್ರಿಪೊಸಿಷನ್ ಇಲ್ಲ. ನಮ್ಮಲ್ಲಿ ಪ್ರತ್ಯಯ ಪದದ ಬಾಲಕ್ಕೆ ಅಂಟುತ್ತದೆ: ಮನೆಗೆ, ಮನೆಯಲ್ಲಿ, ಮನೆಯಿಂದ. ಐರಿಷ್‌ನಲ್ಲಿ ಆ ಕೆಲಸ ಮಾಡುವ ಪದ ಮೊದಲು ಬರುತ್ತದೆ, ಆದ್ದರಿಂದ ಪೆಟ್ಟು ಬೀಳುವುದೂ ಪದದ ತಲೆಗೆ. ಆದರೆ ಯೋಚನೆಯ ದಾರಿ ಮಾತ್ರ ಎಷ್ಟೋ ಕಡೆ ನಮ್ಮದೇ. ‘ನನ್ನ ಬಳಿ ಇದೆ’ ಅನ್ನಲು ಇಂಗ್ಲಿಷಿನ ‘ಹ್ಯಾವ್’ ಥರದ ಕ್ರಿಯಾಪದ ಅವರಲ್ಲಿಲ್ಲ. ‘ತಾ ಕಾರ್ ಅಗಮ್’ ಅನ್ನುತ್ತಾರೆ. ಅಂದರೆ ನನ್ನ ಹತ್ರ ಕಾರಿದೆ. ‘ತಾ ಗೇಲ್ಗೆ ಅಗಮ್’ ಅಂದರೆ ಐರಿಷ್ ನನ್ನ ಹತ್ರ ಇದೆ, ನನಗೆ ಐರಿಷ್ ಬರುತ್ತೆ. ಹಸಿವು, ಬೇಸರ, ನಾಚಿಕೆ ಎಲ್ಲ ‘ನನ್ನ ಮೇಲೆ’ ಇರುತ್ತವೆ. ಹೀಗೆ ಇಡೀ ಭಾಷೆಯೇ ಈ ಪುಟ್ಟ ಪದಗಳ ಮೇಲೆ ನಿಂತಿದೆ. ಅವುಗಳ ಜೊತೆ ಬರುವ ಶೇವೂ, ಉರೂಗಳನ್ನು ‘ಆಮೇಲೆ ಕಲಿತರಾಯ್ತು’ ಅಂತ ಬದಿಗಿಡಲು ಆಗುವುದಿಲ್ಲ. ಎರಡನೇ ವಾಕ್ಯಕ್ಕೇ ಎದುರಾಗುತ್ತವೆ.

ಪ್ರಿಪೊಸಿಷನ್ ಒಂಟಿಯಾಗಿ ಬಂದಾಗ ಜಗಳ ಕಡಿಮೆ. ಮೇಲೆ, ಇಂದ, ಗೆ, ಕೆಳಗೆ, ಮುಂಚೆ, ಮೂಲಕ ಅನ್ನುವ ಅರ್ಥದವು ಸಾಮಾನ್ಯವಾಗಿ ಶೇವೂ ತರುತ್ತವೆ. ‘ಅಲ್ಲಿ’ ಅನ್ನುವ ಅರ್ಥದ ‘ಇ’ ಉರೂ ತರುತ್ತದೆ. ಕಾರ್ಕ್ ಊರು ‘ಕೊರ್ಕಿ’, ಕಾರ್ಕ್‌ನಲ್ಲಿ ಅಂದರೆ ‘ಇ ಗೊರ್ಕಿ’. ಡೆರಿ ‘ದೆರೆ’, ಅಲ್ಲಿ ಅಂದರೆ ‘ಇ ನೆರೆ’. ಡಬ್ಲಿನ್ ‘ಬ್ಲಾ ಕ್ಲೀಅ’, ಅಲ್ಲಿ ಅಂದರೆ ‘ಇ ಮ್ಲಾ ಕ್ಲೀಅ’. ಉತ್ತರದವರೂ ದಕ್ಷಿಣದವರೂ ಇದನ್ನು ಒಪ್ಪುತ್ತಾರೆ. ‘ಜೊತೆ’, ‘ಗೆ’ ಅನ್ನುವ ಇನ್ನೆರಡು ಪದಗಳು ವ್ಯಂಜನವನ್ನು ಮುಟ್ಟದೆ ಬಿಟ್ಟು, ಸ್ವರ ಸಿಕ್ಕಿದರೆ ಅದರ ಮುಂದೆ ಒಂದು ಹ ಸೇರಿಸುತ್ತವೆ. ‘ಐರ್ಲೆಂಡಿಗೆ’ ಅನ್ನಲು ‘ಗು ಹೇರಿನ್’.

‘ಇಲ್ಲದೆ’ ಅನ್ನುವ ಅರ್ಥದ ‘ಗನ್’ ಸ್ವಲ್ಪ ಚಂಚಲ. ಕೆಲವು ವ್ಯಂಜನಗಳನ್ನು ಮೆದು ಮಾಡುತ್ತದೆ, ತ, ದ, ಸ ಬಂದರೆ ಸುಮ್ಮನಿರುತ್ತದೆ. ‘ಎರ್’ ಅದಕ್ಕಿಂತಲೂ ಕಷ್ಟ. ‘ಎರ್ ವೋರ್ಡ್’ ಅಂದರೆ ಒಂದು ಮೇಜಿನ ಮೇಲೆ. ‘ಎರ್ ಬೋರ್ಡ್’ ಅಂದರೆ ಹಡಗಿನಲ್ಲಿ ಪ್ರಯಾಣದಲ್ಲಿ ಇರುವುದು. ಇದು ಸ್ಥಿತಿ, ಜಾಗ ಅಲ್ಲ. ಅದಕ್ಕೇ ಶೇವೂ ಇಲ್ಲ. ಇನ್ನು ಕೆಲವು ಹಳೆಯ ನುಡಿಗಟ್ಟುಗಳಲ್ಲಿ ಇದೇ ‘ಎರ್’ ಉರೂ ತರುತ್ತದೆ. ಒಂದೇ ಪದಕ್ಕೆ ಮೂರು ಬುದ್ಧಿ ಯಾಕೆ? ಹಳೆಯ ಐರಿಷ್‌ನಲ್ಲಿ ಅದು ಒಂದು ಪದ ಆಗಿರಲಿಲ್ಲ. ಅರ್, ಫೋರ್, ಇಯರ್ ಅನ್ನುವ ಮೂರು ಬೇರೆ ಬೇರೆ ಪದಗಳು ಕಾಲಕ್ರಮದಲ್ಲಿ ಒಂದರಲ್ಲಿ ಒಂದು ಕರಗಿ ಹೋದವು. ಮೂರು ಮನೆಯವರು ಒಂದೇ ಮನೆಗೆ ಬಂದರೂ ಅವರವರ ಅಡುಗೆ ರೂಢಿ ಬಿಡಲಿಲ್ಲ.

ಅಸಲಿ ಜಗಳ ಶುರುವಾಗುವುದು ಪ್ರಿಪೊಸಿಷನ್ ಪಕ್ಕ ‘ಅನ್’ ಬಂದು ನಿಂತಾಗ. ಬಸ್ಸಿನ ಉದಾಹರಣೆಯಲ್ಲಿ ಆಗಿದ್ದು ಅದೇ. ಪಶ್ಚಿಮದ ಕಾನಾಕ್ಟ್, ಅಂದರೆ ಗಾಲ್ವೇ, ಮೇಯೋ. ದಕ್ಷಿಣದ ಮನ್ಸ್ಟರ್, ಅಂದರೆ ಕೆರಿ, ಕಾರ್ಕ್, ವಾಟರ್‌ಫರ್ಡ್. ಈ ಎರಡೂ ಕಡೆ ಉರೂ. ಉತ್ತರದ ಅಲ್ಸ್ಟರ್, ಅಂದರೆ ಮುಖ್ಯವಾಗಿ ಡೊನೆಗಾಲ್. ಅಲ್ಲಿ ಶೇವೂ. ‘ಕಾರಿನ ಜೊತೆ’ ಅನ್ನಲು ಗಾಲ್ವೇಯಲ್ಲಿ ‘ಲೆಶ್ ಅನ್ ಗಾರ್’, ಡೊನೆಗಾಲ್‌ನಲ್ಲಿ ‘ಲೆಶ್ ಅನ್ ಖಾರ್’. ನಮ್ಮ ಕಿವಿಗೆ ಮೆಣಸಿನಕಾಯಿ ನೆನಪಾಗುತ್ತೆ, ಬಿಡಿ. ಗಂಡಸಿಗೆ ‘ಫ್ಯಾರ್’. ಅವನ ಹತ್ರ ಅನ್ನಲು ಒಂದು ಕಡೆ ‘ಎಗ್ ಅನ್ ವ್ಯಾರ್’, ಇನ್ನೊಂದು ಕಡೆ ಫ ಪೂರ್ತಿ ಹಾರಿ ಹೋಗಿ ‘ಎಗ್ ಅನ್ಯಾರ್’. ಮೊದಲ ಸಲ ಕೇಳಿದವರಿಗೆ ಇವೆರಡೂ ಒಂದೇ ಪದ ಅಂತ ಹೊಳೆಯುವುದೇ ಇಲ್ಲ.

ಹಾಗಂತ ಪಶ್ಚಿಮ, ದಕ್ಷಿಣ ಎರಡೂ ಒಂದೇ ಅಂದುಕೊಳ್ಳಬೇಡಿ. ತ, ದ ಅಕ್ಷರದಿಂದ ಶುರುವಾಗುವ ಪದಗಳನ್ನು ಮನ್ಸ್ಟರ್‌ನವರು ಬಿಡುವುದಿಲ್ಲ. ನೆಲಕ್ಕೆ ‘ತಲವ್’. ನೆಲದ ಮೇಲೆ ಅನ್ನಲು ಮಿಕ್ಕವರು ‘ಎರ್ ಅನ್ ತಲವ್’ ಅಂತ ಹಾಗೇ ಬಿಟ್ಟರೆ, ಕೆರಿಯಲ್ಲಿ ‘ಎರ್ ಅನ್ ದಲವ್’. ಬಾಗಿಲಿಗೆ ‘ದೊರಸ್’, ಬಾಗಿಲ ಹತ್ರ ಅಂದರೆ ಕೆರಿಯಲ್ಲಿ ‘ಎಗ್ ಅನ್ ನೊರಸ್’. ಇತ್ತ ಅಲ್ಸ್ಟರ್‌ನವರು ಸ ಅಕ್ಷರದ ಪುಲ್ಲಿಂಗ ಪದಕ್ಕೂ ಒಂದು ತ ಅಂಟಿಸುತ್ತಾರೆ. ಪಾದ್ರಿಗೆ ‘ಸಗರ್ತ್’. ಅವರ ಹತ್ರ ಅನ್ನಲು ಡೊನೆಗಾಲ್‌ನಲ್ಲಿ ‘ಎಗ್ ಅನ್ ತಗರ್ತ್’.

‘ಸ’ ಅನ್ನುವ ಪದ ಬಂದಾಗ ಗುಂಪುಗಳೇ ಬದಲಾಗುತ್ತವೆ. ‘ಇ’ ಮತ್ತು ‘ಅನ್’ ಸೇರಿದರೆ ‘ಸ’. ನಗರಕ್ಕೆ ‘ಕಹರ್’. ನಗರದಲ್ಲಿ ಅನ್ನಲು ಅಲ್ಸ್ಟರ್, ಮನ್ಸ್ಟರ್ ಎರಡೂ ಕಡೆ ಶೇವೂ: ‘ಸ ಖಹರ್’. ಕಾನಾಕ್ಟ್ ಮಾತ್ರ ಒಂಟಿ: ‘ಸ ಗಹರ್’. ಮನೆಯಲ್ಲಿದ್ದೀನಿ ಅನ್ನುವಾಗಲೂ ಅಷ್ಟೆ, ಉತ್ತರದಲ್ಲಿ ‘ಸ ವಾಲ್ಯ’, ಗಾಲ್ವೇಯಲ್ಲಿ ‘ಸ ಮಾಲ್ಯ’. ಇನ್ನು ‘ಗೆ’ ಅರ್ಥದ ‘ದೊನ್’, ‘ಇಂದ’ ಅರ್ಥದ ‘ದೆನ್’ ಬಂದರೆ ಸಾಮಾನ್ಯವಾಗಿ ಮೂರೂ ಕಡೆ ಶೇವೂ. ಅಲ್ಲಿ ಎಲ್ಲರೂ ನೆಂಟರು.

ಈ ಗೋಜಲು ಎಲ್ಲಿಂದ ಬಂತು? ಇದಕ್ಕೆ ಉತ್ತರ ಸಿಗಬೇಕಾದರೆ ಸುಮಾರು ಒಂದೂವರೆ ಸಾವಿರ ವರ್ಷ ಹಿಂದೆ ಹೋಗಬೇಕು. ಆಗ ಐರಿಷ್ ಪದಗಳಿಗೆ ಕೊನೆಯಲ್ಲಿ ಸ್ವರ ಇತ್ತು, ನ್ ಇತ್ತು, ಸ್ ಇತ್ತು. ಸ್ವರದಲ್ಲಿ ಮುಗಿಯುವ ಪದದ ಆಚೆ ಬಂದ ವ್ಯಂಜನ ಎರಡು ಸ್ವರಗಳ ನಡುವೆ ಸಿಕ್ಕಿ ಮೆದುವಾಯಿತು. ನಮ್ಮಲ್ಲಿ ಕೈ ಮತ್ತು ಪಿಡಿ ಸೇರಿ ಕೈವಿಡಿ ಆಗುವ ಹಾಗೆ. ಅದು ಶೇವೂ. ನ್ ಅಕ್ಷರದಲ್ಲಿ ಮುಗಿಯುವ ಪದದ ಆಚೆ ಬಂದ ವ್ಯಂಜನಕ್ಕೆ ಮೂಗಿನ ಗಾಳಿ ಹೊಡೆಯಿತು. ಅದು ಉರೂ, ಅವರ ಕಂಬನಿ. 5–6ನೇ ಶತಮಾನದ ಸುಮಾರಿಗೆ ಪದಗಳ ಬಾಲ ಉದುರಿ ಹೋಯಿತು. ಸ್ವರ ಹೋಯಿತು, ನ್ ಹೋಯಿತು. ಆದರೆ ಪಕ್ಕದ ಪದಕ್ಕೆ ಅವು ಮಾಡಿದ ಗಾಯ ಹಾಗೇ ಉಳಿಯಿತು. ನಮ್ಮ ಕಂಬನಿಯಲ್ಲಿ ಕಾರಣ ಇನ್ನೂ ಕಾಣುತ್ತದೆ, ಆ ಮೂಗಿನ ಸದ್ದು ಅಲ್ಲೇ ಇದೆ. ಐರಿಷ್‌ನಲ್ಲಿ ಕಾರಣ ಸತ್ತು ಪರಿಣಾಮ ಮಾತ್ರ ಬದುಕಿದೆ. ಸ್ವರದ ಮುಂದೆ ಮಾತ್ರ ಆ ಹಳೆಯ ನ್ ಇಣುಕುತ್ತದೆ. ‘ಇ’ ಆದಮೇಲೆ ಸ್ವರ ಬಂದರೆ ಅದು ‘ಇನ್’ ಆಗುತ್ತದೆ. ‘ಇನ್ ಏರಿನ್’, ಐರ್ಲೆಂಡಿನಲ್ಲಿ.

ಈಗ ‘ಮಸ್’ ಮತ್ತು ‘ವಸ್’. ಸುಮಾರು 600ರಿಂದ 900ರವರೆಗಿನ ಹಳೆಯ ಐರಿಷ್‌ನಲ್ಲಿ ಪ್ರಿಪೊಸಿಷನ್ ಆದಮೇಲೆ ಬರುವ ನಾಮಪದಕ್ಕೆ ಎರಡು ವಿಭಕ್ತಿಗಳಲ್ಲಿ ಒಂದು ಬರುತ್ತಿತ್ತು. ಕೆಲವಕ್ಕೆ ದ್ವಿತೀಯೆಯ ಥರದ್ದು, ಕೆಲವಕ್ಕೆ ಚತುರ್ಥಿಯ ಥರದ್ದು. ಮೊದಲನೆಯದರಲ್ಲಿ ‘ಅನ್’ ಪದದ ಹಳೆಯ ರೂಪ ಮೂಗಿನ ಸದ್ದಿನಲ್ಲಿ ಮುಗಿಯುತ್ತಿತ್ತು, ಅದಕ್ಕೇ ಉರೂ. ಎರಡನೆಯದರಲ್ಲಿ ಸ್ವರದಲ್ಲಿ ಮುಗಿಯುತ್ತಿತ್ತು, ಅದಕ್ಕೇ ಶೇವೂ. ಕಾಲ ಕಳೆದ ಹಾಗೆ ಎರಡು ವಿಭಕ್ತಿಗಳೂ ಬೆರೆತು ಹೋದವು. ಯಾವ ಪ್ರಿಪೊಸಿಷನ್‌ಗೆ ಯಾವುದು ಅನ್ನೋ ಲೆಕ್ಕ ಜನರಿಗೆ ಬೇಡವಾಯಿತು. ಎಲ್ಲದಕ್ಕೂ ಒಂದೇ ನಿಯಮ ಇಟ್ಟುಕೊಂಡರೆ ಸಾಕು ಅನ್ನಿಸಿತು. ದಕ್ಷಿಣ ಮತ್ತು ಪಶ್ಚಿಮದವರು ದ್ವಿತೀಯೆಯ ಗುರುತನ್ನು ಉಳಿಸಿಕೊಂಡರು. ಉತ್ತರದವರು ಚತುರ್ಥಿಯ ಗುರುತನ್ನು ಉಳಿಸಿಕೊಂಡರು. ಒಂದೇ ಆಸ್ತಿ, ಎರಡು ಪಾಲು. ‘ಗೆ’ ಮತ್ತು ‘ಇಂದ’ ಪದಗಳು ಮೊದಲಿನಿಂದಲೂ ಚತುರ್ಥಿಯ ಕಡೆಯವು. ಅದಕ್ಕೇ ಅಲ್ಲಿ ಜಗಳವೇ ಹುಟ್ಟಲಿಲ್ಲ.

‘ಸ’ ಪದದ ಹಗರಣಕ್ಕೂ ಇಲ್ಲೇ ಕಾರಣವಿದೆ. ಹಳೆಯ ‘ಇ’ ಎರಡು ವಿಭಕ್ತಿಗೂ ಒಲಿಯುತ್ತಿತ್ತು. ಒಳಗೆ ಹೋಗುವುದಾದರೆ ಒಂದು, ಒಳಗೆ ಇರುವುದಾದರೆ ಇನ್ನೊಂದು. ‘ಮನೆಗೆ ಹೋದೆ’, ‘ಮನೆಯಲ್ಲಿದ್ದೆ’ ಅಂತ ನಾವು ಬೇರೆ ಮಾಡುವ ಹಾಗೆ. ಆ ಭೇದ ಅಳಿಸಿದಾಗ ಕಾನಾಕ್ಟ್ ‘ಹೋಗುವ’ ರೂಪವನ್ನು ಹಿಡಿಯಿತು, ಮಿಕ್ಕವರು ‘ಇರುವ’ ರೂಪವನ್ನು ಹಿಡಿದರು. ಗಾಲ್ವೇಯವರು ಮನೆಯಲ್ಲಿ ಆರಾಮಾಗಿ ಕೂತು ‘ಸ ಮಾಲ್ಯ’ ಅಂದರೂ ವ್ಯಾಕರಣದ ಲೆಕ್ಕದಲ್ಲಿ ಅವರಿನ್ನೂ ಬಾಗಿಲು ದಾಟುತ್ತಾ ಇದ್ದಾರೆ.

ಹಳೆಯ ಚತುರ್ಥಿ ಪೂರ್ತಿ ಸತ್ತಿಲ್ಲ. ದೇಶದ ಹೆಸರಿನಲ್ಲೇ ಇದೆ. ಕರ್ತೃವಾದರೆ ‘ಏರೆ’. 1937ರ ಸಂವಿಧಾನದ 4ನೇ ವಿಧಿ ದೇಶಕ್ಕೆ ಕೊಟ್ಟ ಹೆಸರೂ ಅದೇ. ಷಷ್ಠಿಯಾದರೆ ‘ನ ಹೇರನ್’. ಪ್ರಿಪೊಸಿಷನ್ ಆದಮೇಲೆ ‘ಏರಿನ್’. ಇಂಗ್ಲಿಷ್ ಕವಿಗಳು ಐರ್ಲೆಂಡನ್ನು ಪ್ರೀತಿಯಿಂದ ‘ಎರಿನ್’ ಅಂತ ಕರೆದರಲ್ಲ, ಹುಡುಗಿಯರಿಗೂ ಆ ಹೆಸರಿಡುತ್ತಾರಲ್ಲ, ಅದು ಈ ಚತುರ್ಥಿ ರೂಪವೇ. ಮನ್ಸ್ಟರ್‌ನಲ್ಲಿ ಕೈ, ಕಾಲು, ಚಪ್ಪಲಿಯಂಥ ಸ್ತ್ರೀಲಿಂಗ ಪದಗಳಿಗೂ ಈ ರೂಪ ಜಾಸ್ತಿ ದಿನ ಉಳಿಯಿತು. ಮನೆಗೆ ಪ್ರಮಾಣಿತ ಪದ ‘ತ್ಯಾಖ್’. ಮನ್ಸ್ಟರ್‌ನಲ್ಲಿ ಪ್ರಿಪೊಸಿಷನ್ ಜೊತೆ ಬರುತ್ತಿದ್ದ ‘ತಿಗ್’ ಎಷ್ಟು ಬೆಳೆಯಿತೆಂದರೆ ಕರ್ತೃವಿನ ಜಾಗವನ್ನೂ ಅದೇ ತಗೊಂಡಿತು. ಬಾಡಿಗೆಗೆ ಬಂದವನು ಮಾಲೀಕನಾದ ಹಾಗೆ!

‘ಮುಂದೆ’, ‘ಸುತ್ತ’, ‘ಆದಮೇಲೆ’ ಥರದ ಪದಗಳು ಷಷ್ಠಿ ಕೇಳುತ್ತವೆ. ನಮ್ಮಲ್ಲೂ ‘ಮನೆಯ ಮುಂದೆ’ ಅಲ್ವಾ? ಬಾಯಿಮಾತಿನಲ್ಲಿ ನಾವು ‘ಯ’ ನುಂಗಿ ‘ಮನೆ ಮುಂದೆ’ ಅಂದುಬಿಡುತ್ತೇವೆ. ಅಲ್ಲಿನ ಹುಡುಗರೂ ಷಷ್ಠಿಯನ್ನು ನುಂಗುತ್ತಿದ್ದಾರೆ, ಮೇಷ್ಟ್ರುಗಳು ಬೈಯುತ್ತಿದ್ದಾರೆ.

ಇಷ್ಟೆಲ್ಲ ಭೇದ ಇದ್ದರೆ ಸರ್ಕಾರ ಕಾನೂನು ಬರೆಯುವುದು ಹೇಗೆ? ಐರ್ಲೆಂಡ್ ಸಂಸತ್ತಿನ ಅನುವಾದ ವಿಭಾಗಕ್ಕೆ ಬಂದ ಕಷ್ಟ ಇದೇ. ಅಲ್ಲಿಂದ 1958ರಲ್ಲಿ ‘ಅನ್ ಕೈಜಾನ್ ಓಫಿಗೂಲ್’ ಅನ್ನುವ ಅಧಿಕೃತ ಪ್ರಮಾಣ ಬಂತು. ವ್ಯಾಕರಣ, ಕಾಗುಣಿತ ಎರಡಕ್ಕೂ. ಅದು ಯಾವ ಊರಿನ ಭಾಷೆಯೂ ಅಲ್ಲ. ಬಸ್ಸಿಗೆ ಗಾಲ್ವೇ-ಕೆರಿಯ ಉರೂ ತಗೊಂಡಿತು. ‘ಸ’ ಆದಮೇಲೆ ಕೆರಿ-ಡೊನೆಗಾಲ್‌ನ ಶೇವೂ ತಗೊಂಡಿತು. ತ, ದ ವಿಷಯದಲ್ಲಿ ಕೆರಿಯವರನ್ನು ಕೈಬಿಟ್ಟಿತು. ಅಲ್ಲೊಂದು ಇಲ್ಲೊಂದು ಆರಿಸಿ ಕಟ್ಟಿದ ಮನೆ. ಎಲ್ಲರಿಗೂ ಸ್ವಲ್ಪ ಪರಿಚಿತ, ಯಾರಿಗೂ ಪೂರ್ತಿ ತಮ್ಮದಲ್ಲ.

ಆಮೇಲೆ 2012ರಲ್ಲಿ, ಮತ್ತೆ 2017ರಲ್ಲಿ ಪರಿಷ್ಕರಣೆ ಆಯಿತು. ಈಗಿನ ಪ್ರಮಾಣದಲ್ಲಿ ಎರಡು ದಾರಿಗಳನ್ನು ಹೆಸರಿಟ್ಟೇ ಒಪ್ಪಿದ್ದಾರೆ. ಒಂದು ‘ಲಾರ್‌ಖೋರಸ್’, ಅಂದರೆ ನಡುವಿನ ವ್ಯವಸ್ಥೆ. ಅದರಲ್ಲಿ ಬಸ್ಸು ‘ಮಸ್’. ಇನ್ನೊಂದು ಶೇವೂ ವ್ಯವಸ್ಥೆ. ಅದರಲ್ಲಿ ಬಸ್ಸು ‘ವಸ್’. ಯಾವುದನ್ನಾದರೂ ಹಿಡಿಯಿರಿ, ಹಿಡಿದದ್ದನ್ನು ಬಿಡಬೇಡಿ, ಒಂದೇ ಬರಹದಲ್ಲಿ ಎರಡನ್ನೂ ಬೆರೆಸಬೇಡಿ, ಇಷ್ಟು ಮಾತ್ರ ಷರತ್ತು. ಇದು ಬುದ್ಧಿವಂತ ತೀರ್ಮಾನ ಅಂತ ನನ್ನ ಅನಿಸಿಕೆ. ಕಾರಣ ಸತ್ತುಹೋದ ನಿಯಮದಲ್ಲಿ ಒಬ್ಬರು ಸರಿ, ಇನ್ನೊಬ್ಬರು ತಪ್ಪು ಅನ್ನಲು ಆಧಾರವೇ ಇಲ್ಲ. ಎರಡೂ ಒಂದೇ ಹಳೆಯ ಗಾಯದ ಎರಡು ಕಲೆಗಳು.

ಆದರೆ ‘ಬೆರೆಸಬೇಡಿ’ ಅನ್ನುವ ಷರತ್ತು ಬರೆಯುವವರಿಗೆ ಸರಿ, ಮಾತಾಡುವವರಿಗೆ ಕಷ್ಟ. 1972ರಲ್ಲಿ ಗೇಲ್ತಖ್ತ್ ಪ್ರದೇಶಗಳ ರೇಡಿಯೋ ಶುರುವಾಯಿತು. ಗೇಲ್ತಖ್ತ್ ಅಂದರೆ ಐರಿಷ್ ಮನೆಮಾತಾಗಿ ಉಳಿದಿರುವ ಊರುಗಳು. ಅವು ಒಂದಕ್ಕೊಂದು ಅಂಟಿಕೊಂಡಿಲ್ಲ. ನಡುವೆ ಇಂಗ್ಲಿಷಿನ ಸಮುದ್ರ. ಕೆರಿಯ ಹಳ್ಳಿಯವರು ಡೊನೆಗಾಲ್‌ನವರ ಮಾತು ಕೇಳುವುದೇ ಅಪರೂಪವಾಗಿತ್ತು. ರೇಡಿಯೋ ಬಂದಮೇಲೆ ಅಡುಗೆಮನೆಯಲ್ಲಿ ಮೂರೂ ಬಗೆ ಕೇಳತೊಡಗಿತು. 1996ರಲ್ಲಿ ಟಿವಿ ಚಾನೆಲ್ಲೂ ಬಂತು. ಕಿವಿ ಹೊಂದಿಕೊಂಡಿತು. ಒಂದು ಊರಿನ ಕಥೆಯಂತೂ ಇನ್ನೂ ಚೆನ್ನಾಗಿದೆ. ಡಬ್ಲಿನ್‌ಗೆ ಹತ್ತಿರದ ಮೀಥ್ ಜಿಲ್ಲೆಯ ರಾ ಖಾರ್ನ್ ಎಂಬಲ್ಲಿಗೆ 1935ರಲ್ಲಿ ಗಾಲ್ವೇ ಪಶ್ಚಿಮದ ಕಾನಮಾರಾದಿಂದ ಕುಟುಂಬಗಳನ್ನು ತಂದು ಜಮೀನು ಕೊಟ್ಟು ನೆಲೆಗೊಳಿಸಿದರು. ಪೂರ್ವದ ಹಸಿರು ಬಯಲಿನಲ್ಲಿ ಪಶ್ಚಿಮದ ಕಲ್ಲುನೆಲದ ಐರಿಷ್ ಬೇರೂರಿತು.

ಉತ್ತರದಲ್ಲಿ ಬೆಲ್ಫಾಸ್ಟ್ ಬೇರೆಯೇ ದಾರಿ ಹಿಡಿಯಿತು. 1971ರಲ್ಲಿ ಅಲ್ಲಿನ ಕೆಲವು ಕುಟುಂಬಗಳು ಸರ್ಕಾರಕ್ಕೆ ಕಾಯದೆ ತಾವೇ ಐರಿಷ್ ಮಾಧ್ಯಮದ ಶಾಲೆ ತೆರೆದವು. ಇವತ್ತು ಆ ನಗರದಲ್ಲಿ ಐರಿಷ್ ಮಾತಾಡುವ ಯುವಜನ ಸಾಕಷ್ಟು ಕಾಣುತ್ತಾರೆ. ಅವರ ಮಾದರಿ ಡೊನೆಗಾಲ್. ಬಸ್ಸು ಅವರಿಗೆ ‘ವಸ್’. 2022ರ ಕಾಯ್ದೆಯೊಂದು ಉತ್ತರ ಐರ್ಲೆಂಡಿನಲ್ಲಿ ಐರಿಷಿಗೆ ಅಧಿಕೃತ ಮನ್ನಣೆ ಕೊಟ್ಟಿದೆ. ಹಾಗಾಗಿ ಶೇವೂ ವ್ಯವಸ್ಥೆ ಈಗ ಮೂಲೆಯ ಹಳ್ಳಿಯ ರೂಢಿ ಅಲ್ಲ, ಒಂದು ದೊಡ್ಡ ನಗರದ ಮಾತು. (ಬೆಲ್ಫಾಸ್ಟ್ ಅಂದಾಗ ನಮಗೆ ನೆನಪಾಗಬೇಕಾದವರು ಒಬ್ಬರಿದ್ದಾರೆ. ಮೈಸೂರಿನಲ್ಲಿ ತರುಣ ಕುವೆಂಪು ಅವರ ಇಂಗ್ಲಿಷ್ ಕವಿತೆ ನೋಡಿ, ನಿಮ್ಮ ಭಾಷೆಯಲ್ಲೇ ಬರೆಯಿರಿ ಅಂದ ಜೇಮ್ಸ್ ಕಸಿನ್ಸ್ ಹುಟ್ಟಿದ್ದು ಅಲ್ಲಿಯೇ. ಅವರು ತಾವು ಮಾತ್ರ ಇಂಗ್ಲಿಷಿನಲ್ಲಿ ಬರೆದರು.)

ದಕ್ಷಿಣದಲ್ಲೂ ಐರಿಷಿಗೆ ಕೆಲಸ ಜಾಸ್ತಿಯಾಗಿದೆ. ಯುರೋಪಿಯನ್ ಒಕ್ಕೂಟದಲ್ಲಿ 2007ರಿಂದ ಅಧಿಕೃತ ಭಾಷೆ, 2022ರ ಜನವರಿಯಿಂದ ಮಿಕ್ಕ ಭಾಷೆಗಳಿಗೆ ಸಮನಾದ ಪೂರ್ಣ ಸ್ಥಾನ. 2021ರ ಕಾನೂನಿನ ಪ್ರಕಾರ 2030ರ ಕೊನೆಯ ಹೊತ್ತಿಗೆ ಸರ್ಕಾರಿ ಕೆಲಸಕ್ಕೆ ಹೊಸದಾಗಿ ಸೇರುವವರಲ್ಲಿ ಶೇಕಡಾ 20ರಷ್ಟು ಮಂದಿಗೆ ಐರಿಷ್ ಬರಬೇಕು. ಇವರಲ್ಲಿ ಬಹಳ ಜನ ಮನೆಯಲ್ಲಿ ಕಲಿತವರಲ್ಲ. ಕಲಿಸಿದ ಒಬ್ಬರು ಮೇಷ್ಟ್ರು ಕೆರಿಯವರು, ಇನ್ನೊಬ್ಬರು ಡೊನೆಗಾಲ್‌ನವರು, ಪುಸ್ತಕ ಲಾರ್‌ಖೋರಸ್‌ನದು. ಬೆಳಿಗ್ಗೆ ‘ಮಸ್’, ಸಂಜೆ ‘ವಸ್’ ಬಾಯಿಗೆ ಬಂದರೆ ಅವರನ್ನು ದೂರುವುದಾದರೂ ಹೇಗೆ?

ಇನ್ನೂ ಒಂದು ಮಾತು ಹೇಳಬೇಕು. ಬೆರೆಸುವುದು ದೊಡ್ಡ ಕಾಯಿಲೆಯಲ್ಲ. ಎರಡನ್ನೂ ಬಿಟ್ಟು ‘ಎರ್ ಅನ್ ಬಸ್’ ಅನ್ನುವುದು ಕಾಯಿಲೆ. ಕಲಿಯುವವರ ಬಾಯಲ್ಲಿ ಇದು ಸಾಮಾನ್ಯ. ಪ್ರಿಪೊಸಿಷನ್ ಆದಮೇಲೆ ಬರುವ ಶೇವೂ, ಉರೂಗಳು ಮೊದಲು ಉದುರುವುದಕ್ಕೆ ಕಾರಣವೂ ಇದೆ. ಅಲ್ಲಿ ಅವಕ್ಕೆ ಅರ್ಥದ ಹೊರೆ ಕಡಿಮೆ. ‘ಎರ್ ಅನ್’ ಅಂದಮೇಲೆ ಬಸ್ ಅಂದರೂ, ಮಸ್ ಅಂದರೂ, ವಸ್ ಅಂದರೂ ಕೇಳುವವರಿಗೆ ತಿಳಿಯುತ್ತದೆ. ‘ಅ’ ಎಂಬ ಸರ್ವನಾಮದ ಜೊತೆ ಹಾಗಲ್ಲ. ದೋಣಿಗೆ ‘ಬಾಡ್’. ‘ಅ ವಾಡ್’ ಅಂದರೆ ಅವನ ದೋಣಿ. ‘ಅ ಬಾಡ್’ ಅಂದರೆ ಅವಳ ದೋಣಿ. ‘ಅ ಮಾಡ್’ ಅಂದರೆ ಅವರ ದೋಣಿ. ದೋಣಿ ಯಾರದು ಅನ್ನುವುದು ಪೂರ್ತಿ ಆ ಮೊದಲ ಅಕ್ಷರದ ಮೇಲೆ ನಿಂತಿದೆ. ಬಸ್ಸಿನಲ್ಲಿ ಶಿಸ್ತು ಬಿಟ್ಟ ನಾಲಿಗೆ ದೋಣಿಯಲ್ಲಿ ಶಿಸ್ತು ಇಟ್ಟುಕೊಳ್ಳುತ್ತದೆ ಅಂತ ನಂಬುವುದು ಕಷ್ಟ. ನಾನು ಮೇಷ್ಟ್ರಾಗಿದ್ದರೆ ಮಸ್-ವಸ್ ಬೆರೆಸಿದ ಹುಡುಗನಿಗೆ ಅಂಕ ಕಡಿಯುತ್ತಿರಲಿಲ್ಲ. ಬಸ್ ಅಂದವನನ್ನು ಮಾತ್ರ ಇನ್ನೊಮ್ಮೆ ಹೇಳಿಸುತ್ತಿದ್ದೆ.

ಈಗ ಈ ಪ್ರಶ್ನೆ ಯಂತ್ರಗಳ ಬಾಯಿಗೆ ಬಂದು ಕೂತಿದೆ. ಡಬ್ಲಿನ್‌ನ ಟ್ರಿನಿಟಿ ಕಾಲೇಜಿನ ‘ಅಬರ್’ ಎಂಬ ಯೋಜನೆ ಐರಿಷ್ ಬರಹವನ್ನು ಗಟ್ಟಿಯಾಗಿ ಓದುವ ಕಂಪ್ಯೂಟರ್ ದನಿಗಳನ್ನು ಮಾಡಿದೆ. ಅದೂ ಒಂದಲ್ಲ, ಮೂರು ಸೀಮೆಯ ದನಿಗಳು: ಡೊನೆಗಾಲ್‌ನ ಗ್ವೀಡೋರ್, ಗಾಲ್ವೇಯ ಕಾನಮಾರಾ, ಕೆರಿಯ ಡಿಂಗಲ್ ಕಡೆಯದು. ಬೇರೆ ಎಷ್ಟೋ ದೊಡ್ಡ ಭಾಷೆಗಳಿಗೆ ಇಲ್ಲದ ಭಾಗ್ಯ ಇದು. ಆದರೆ ಅಂಥ ಯಂತ್ರ ಓದುವುದು ಎದುರಿಗಿಟ್ಟ ಬರಹವನ್ನು. ಬರಹ ಲಾರ್‌ಖೋರಸ್‌ನಲ್ಲಿದ್ದರೆ ಬಿ ಮುಂದೆ ಎಂ ಇರುತ್ತದೆ. ಆಗ ಡೊನೆಗಾಲ್‌ನ ದನಿ, ಡೊನೆಗಾಲ್‌ನ ರಾಗದಲ್ಲೇ, ‘ಎರ್ ಅನ್ ಮಸ್’ ಅನ್ನುತ್ತದೆ. ಅದನ್ನು ಕೇಳಿದ ಗ್ವೀಡೋರ್‌ನ ಅಜ್ಜಿಗೆ ದನಿ ತನ್ನ ಊರಿನದು ಅಂತ ಗೊತ್ತಾಗುತ್ತದೆ. ಬಸ್ಸು ಮಾತ್ರ ಗಾಲ್ವೇಯದು.